ಯಾವ ಐನಾಪುರ?

ಬಾಜೂ ಮನೆಯ ಹುಡುಗ ಬೆಂಗಳೂರಿನಿಂದ ಹಬ್ಬಕ್ಕೆ ಬಂದಿದ್ದಾನೆ. ನಮ್ಮ ಎರಡು ಮನೆಗಳ ನಡುವೆ ಇರೋದು ಎದೆಮಟ್ಟಕ್ಕೆ ನಿಲ್ಲಿಸಿದ ಶಹಾಬಾದ್ ಪರ್ಸಿ ಅಷ್ಟೇ, ಮಾತಿಗೇನೂ ಅಡ್ಡಿಯಿಲ್ಲ. "ಹಬ್ಬದಾಗೂ ಏನ್ ಬರಿತೀಯಪ್ಪಾ?" ಅಂದೆ. "ಏನ್ ಹೇಳ್ಲಿ ಕಾಕಾ, ಆಫೀಸಿನಾಗ ಎಲ್ಲಾರೂ ಕ್ವೆರಿ ಬರದು ಸೇವ್ ಮಾಡಿ ಇಟ್ಟಾರ. ಯಾವ್ದು ಎದಕ್ಕಂತ ಒಬ್ರೂ ಬರದಿಲ್ಲ. ಡಾಕ್ಯುಮೆಂಟೇಶನ್ ನನ್ನ ಕೊಳ್ಳಿಗೆ ಕಟ್ಯಾರ" ಅಂದ.

ಸೇವ್ ಮಾಡೋದು ಜಾಣತನವೇ ಬಿಡಿ. ಕ್ವೆರಿ ಅಂದರೆ ಡೇಟಾಬೇಸಿಗೆ ಕೇಳೋ ಪ್ರಶ್ನೆ, ಅದನ್ನೇ ದಿನಾ ಯಾಕೆ ಬರೀಬೇಕು, ಅಲ್ವಾ? ವಿಕಿಪೀಡಿಯಾ ಬಳಗಕ್ಕೆ 2014ರಲ್ಲಿ ಯುವಿ ಪಾಂಡಾ ಅನ್ನೋರು ಇದಕ್ಕೇ ಅಂತ 'ಕ್ವಾರಿ' ಅನ್ನೋ ಜಾಲತಾಣ ಕಟ್ಟಿಕೊಟ್ಟರು. ಶಹಾಬಾದ್, ವಾಡಿ ಕಡೆಯವರಿಗೆ ಈ ಹೆಸರು ಕೇಳಿದರೆ ಕಲ್ಲಿನ ಖಣಿಯೇ ಕಣ್ಮುಂದೆ ಬರೋದು! ಒಬ್ಬರು ಬರೆದ ಕ್ವೆರಿ ಅಲ್ಲಿ ಎಲ್ಲರಿಗೂ ಕಾಣುತ್ತೆ, ನಕಲು ತೆಗೆದು ತಿದ್ದಿಕೊಳ್ಳಬಹುದು. ಹೆಸರಿಡದಿದ್ದರೆ 'ಅನ್‌ಟೈಟಲ್ಡ್ ಕ್ವೆರಿ' ಅಂತ ಒಂದು ನಂಬರು ಹಚ್ಚಿಕೊಂಡು ಕೂತುಬಿಡುತ್ತೆ. ವಿವರಣೆಗೆ ಬೇರೆ ಜಾಗವನ್ನೇ ಬಿಟ್ಟಿದ್ದಾರೆ. ತುಂಬೋರು ಬೇಕಲ್ಲ...

ವಿವರಣೆ ಯಾಕೆ ಬೇಕು ಅಂದರೆ, ನಮ್ಮ ಊರನ್ನೇ ತಗೊಳ್ಳಿ. 'ಐನಾಪುರ' ಅಂತ ಹುಡುಕಿದರೆ ಚಿಂಚೋಳಿ ತಾಲ್ಲೂಕಿನ ನಾವೂ ಬರ್ತೀವಿ, ಬೆಳಗಾವಿ ಜಿಲ್ಲೆ ಕಾಗವಾಡ ತಾಲ್ಲೂಕಿನವರೂ ಬರ್ತಾರೆ. ಸಾಲದ್ದಕ್ಕೆ ಒಬ್ಬ 'ಐನಾಪುರ' ಅಂತ ಟೈಪ್ ಮಾಡಿರ್ತಾನೆ, ಇನ್ನೊಬ್ಬ 'ಐನಾಪೂರ', ಮತ್ತೊಬ್ಬ 'ಅಯನಾಪುರ'. ಕಂಪ್ಯೂಟರಿಗೆ ಅವು ಮೂರು ಊರು. ನಮ್ಮಜ್ಜ ಹೇಳ್ತಿದ್ದರು, ಬರೀ 'ಐನಾಪುರ' ಅಂತ ವಿಳಾಸ ಬರೆದ ಲಗ್ನಪತ್ರಿಕೆಯೊಂದು ಕೃಷ್ಣಾ ದಂಡೆಯ ಆ ಐನಾಪುರ ಸುತ್ತಿಕೊಂಡು ಇಲ್ಲಿಗೆ ಬರೋ ಹೊತ್ತಿಗೆ ಮದುಮಗಳು ಗಂಡನ ಮನೆ ಸೇರಿ ಆಗಿತ್ತಂತೆ. 1972ರಲ್ಲಿ ಪಿನ್‌ಕೋಡ್ ಬಂತು ನೋಡಿ, ನಮ್ಮದು 585ರಿಂದ ಶುರು, ಅವರದು 591ರಿಂದ. ಆ ತಾಪತ್ರಯ ಮುಗೀತು. ಕ್ವೆರಿಗೂ ಅಷ್ಟೇ. ಊರಿನ ಹೆಸರಲ್ಲ, ಗ್ರಾಮದ ಕೋಡ್ ಹಾಕಬೇಕು. ಆ ಕೋಡ್ ಯಾವ ಐನಾಪುರದ್ದು ಅಂತ ಪಕ್ಕದಲ್ಲೇ ಬರೆದಿಡಬೇಕು.

ಅದಕ್ಕಿಂತ ಕಾಡೋದು ಇನ್ನೊಂದಿದೆ. 2014ರ ನವೆಂಬರ್ 1ಕ್ಕೆ ನಮ್ಮ ಜಿಲ್ಲೆಯ ಹೆಸರು ಗುಲ್ಬರ್ಗಾ ಹೋಗಿ ಕಲಬುರಗಿ ಆಯ್ತಲ್ಲ, ಹಳೇ ಕ್ವೆರಿಯೊಳಗೆ 'ಗುಲ್ಬರ್ಗಾ' ಹಾಗೇ ಕೂತಿರುತ್ತೆ. ಹೊಸ ದಾಖಲೆಯ ಮೇಲೆ ಓಡಿಸಿದರೆ ತಪ್ಪು ಅಂತಲೂ ಹೇಳೋದಿಲ್ಲ, ಸುಮ್ಮನೆ ಸೊನ್ನೆ ಸಾಲು ಕೊಡುತ್ತೆ. ತೊಗರಿ ಬಿತ್ತಿದವರ ಲೆಕ್ಕ ಕೇಳಿದರೆ ಸೊನ್ನೆ! ಅದೂ 2019ರಲ್ಲಿ ತೊಗರಿಬೇಳೆಗೆ ಜಿಐ ಟ್ಯಾಗ್ ಪಡೆದ ಜಿಲ್ಲೆಯಲ್ಲಿ. ಗೊತ್ತಿದ್ದವರು ಹುಬ್ಬೇರಿಸ್ತಾರೆ. ಗೊತ್ತಿಲ್ಲದವರು ಪ್ರಿಂಟ್ ತೆಗೆದು ಮೇಲಿನವರಿಗೆ ಕಳಿಸಿಬಿಡ್ತಾರೆ, ಅಲ್ವಾ? ಆಮೇಲೆ ಕಾಳಗಿ, ಶಹಾಬಾದ್ ಚಿತ್ತಾಪುರದಿಂದ ಒಡೆದು ಬೇರೆ ತಾಲ್ಲೂಕಾದವು. ಚಿತ್ತಾಪುರದ ಹಳೇ ಪಟ್ಟಿ ಅಲ್ಲೂ ಕೈಕೊಡುತ್ತೆ.

ಹುಡುಗ ಒಂದು ಕ್ವೆರಿ ತೋರಿಸಿದ. ಪಹಣಿಗೆ ಸಂಬಂಧಪಟ್ಟದ್ದು, ಹೆಸರು 'ಕಾಲಂ 11 ನಾಟ್ ನಲ್ ನ್ಯೂ 2'. ಭೂಮಿ ಪಹಣಿಯ ಹನ್ನೊಂದನೇ ಕಾಲಂನಲ್ಲೇ ಋಣ, ಬ್ಯಾಂಕಿನ ಸಾಲ ಏರಿಸೋದು; 'ನಾಟ್ ನಲ್' ಅಂದರೆ ಅದು ಖಾಲಿ ಇಲ್ಲ ಅಂತ. "ಇದಕ್ಕ 'ಬೋಜಾ ಇದ್ದ ಪಹಣಿ' ಅಂತ ಹೆಸರಿಡಪ್ಪಾ, ನಾಡಕಚೇರಿ ಮುಂದ ಕುಂತ ರೈತಗೂ ತಿಳೀತದ" ಅಂದೆ. "ಕನ್ನಡದಾಗೇ ಬರೀಲೇನ್ರಿ?" ಅಂದ. ಮತ್ತಿನ್ನೇನು? ಯಾರು ಕೇಳಿದ್ದು, ಏನು ಕೇಳಿದ್ದು, ಕೊನೇ ಸಲ ಯಾವತ್ತು ಓಡಿಸಿದ್ದು, ಬೇರೆ ಊರಿಗೆ ಬೇಕಾದರೆ ಎಲ್ಲಿ ತಿದ್ದಬೇಕು, ಇಷ್ಟನ್ನು ಮನುಷ್ಯರು ಮಾತಾಡೋ ಹಾಗೆ ಬರೆದರೆ ಸಾಕು. ಆಮೇಲೆ ಬರುವ ಹೊಸ ಹುಡುಗಿ ಅದನ್ನು ಓದಿ ಧೈರ್ಯವಾಗಿ ಕೆಲಸ ಶುರು ಮಾಡ್ತಾಳೆ.

ಗುಲ್ಬರ್ಗಾದ ಕ್ವೆರಿಗಳನ್ನೆಲ್ಲ ಅಳಿಸಿಬಿಡೋಣ ಅಂತಿದ್ದ. ಬ್ಯಾಡ ಅಂದೆ. ಹಳೇ ದಾಖಲೆಯಲ್ಲಿ ಜಿಲ್ಲೆ ಇನ್ನೂ ಗುಲ್ಬರ್ಗಾನೇ ಅಲ್ವಾ? ಅಲ್ಲಿ ಹುಡುಕೋಕೆ ಅದೇ ಬೇಕು. ಸ್ವಲ್ಪ ಹೊತ್ತು ಯೋಚಿಸಿ, ತಲೆಬರಹದ ಕೆಳಗೆ ಸೇರಿಸಿದ: '2014ರ ನವೆಂಬರ್‌ಗಿಂತ ಹಿಂದಿನ ದಾಖಲೆಗೆ ಮಾತ್ರ.'