ಹೂಂಗುಟ್ಟುವಿಕೆಯ ಆವರ್ತನ ಮೀಮಾಂಸೆ

ಸಿಗ್ನಲ್ ಪ್ರೊಸೆಸಿಂಗನ್ನು ಆನ್‌ಲೈನ್ ಖಾಸಗಿ ಟ್ಯೂಷನ್ನಿನಲ್ಲಿ ಕಲಿಯಬಹುದೇ ಎಂಬ ವಾದದಲ್ಲಿ ಪಂಡಿತರು ಇದುವರೆಗೆ ನೆಟ್‌ವರ್ಕು, ಫೀಸು, ಸಿಲಬಸ್ಸುಗಳನ್ನಷ್ಟೇ ಜಾಲಾಡಿದ್ದಾರೆ. ಪಾಠದ ಉದ್ದಕ್ಕೂ ಶಿಷ್ಯನ ಕಡೆಯಿಂದ ಹೊರಡುವ ಏಕಮಾತ್ರ ಸಿಗ್ನಲ್ಲಾದ ‘ಹೂಂ ಸರ್’ ಯಾರ ಕಣ್ಣಿಗೂ ಬಿದ್ದಂತಿಲ್ಲ. ಅರ್ಥವಾಗದೆಯೂ ಹೂಂಗುಟ್ಟುವವನನ್ನು ಲೋಕ ಸುಳ್ಳನೆನ್ನುತ್ತದೆ. ನಮ್ಮ ಸಿದ್ಧಾಂತದ ಪ್ರಕಾರ ಅವನು ಸುಳ್ಳು ಹೇಳುತ್ತಿಲ್ಲ, ಏಲಿಯಾಸ್ ಆಗುತ್ತಿದ್ದಾನೆ.

ನೈಕ್ವಿಸ್ಟ್ 1928ರಲ್ಲಿ ತಳಪಾಯ ಹಾಕಿ, ಕೊಟೆಲ್ನಿಕೋವ್ 1933ರಲ್ಲೂ ಶಾನನ್ 1949ರಲ್ಲೂ ಕಟ್ಟಿ ನಿಲ್ಲಿಸಿದ ಪ್ರಮೇಯವೊಂದಿದೆ: ಅಲೆಯನ್ನು ಬಿಡಿ ಮಾದರಿಗಳಿಂದ ಮರಳಿ ಪಡೆಯಬೇಕಾದರೆ, ಅದರೊಳಗಿನ ಅತಿ ಹೆಚ್ಚಿನ ಆವರ್ತನದ ಎರಡು ಪಟ್ಟಿಗಿಂತ ಬೇಗಬೇಗ ಮಾದರಿ ತೆಗೆಯಬೇಕು. ಅದಕ್ಕೇ ದೂರವಾಣಿ 3400 ಹರ್ಟ್ಸ್‌ವರೆಗಿನ ಮಾತಿಗೆ ಸೆಕೆಂಡಿಗೆ 8000 ಮಾದರಿ ತೆಗೆಯುತ್ತದೆ. ಇದರಲ್ಲಿ ಜಿಪುಣತನ ಮಾಡಿದರೆ ವೇಗದ ಅಲೆ ನಿಧಾನದ ಅಲೆಯ ವೇಷ ಹಾಕಿ ಬರುತ್ತದೆ, ಇದೇ ಏಲಿಯಾಸಿಂಗ್; ಸೆಕೆಂಡಿಗೆ 24 ಚಿತ್ರಗಳ ಸಿನಿಮಾದಲ್ಲಿ ಓಡುವ ಗಾಡಿಯ ಚಕ್ರ ನಿಂತಂತೆ ಕಾಣುವುದು ಹೀಗೇ. ಈಗ ಕನ್ವಲ್ಯೂಷನ್ ಪಾಠ ನೋಡಿ. ಗುರುಗಳು ಒಂದು ಸರಣಿಯನ್ನು ತಿರುಗಿಸುತ್ತಾರೆ, ಸರಿಸುತ್ತಾರೆ, ಗುಣಿಸುತ್ತಾರೆ, ಕೂಡುತ್ತಾರೆ. ‘ತಿರುಗಿಸಿದ್ದು ಯಾಕೆ?’ ಎಂಬ ಅನುಮಾನ ಸರಿಸುವಾಗ ಏಳುತ್ತದೆ, ಗುಣಿಸುವಾಗ ನೆತ್ತಿಗೇರುತ್ತದೆ, ಉತ್ತರದ ಸುತ್ತ ಕೆಂಪು ಚೌಕ ಬೀಳುವ ಹೊತ್ತಿಗೆ ಸುಸ್ತಾಗಿ ಮಲಗಿರುತ್ತದೆ. ‘ಅರ್ಥ ಆಯ್ತಲ್ವಾ?’ ಎಂದು ಗುರುಗಳು ಕೇಳುವುದು ಸರಿಯಾಗಿ ಆಗಲೇ. ಸೈನ್ ಅಲೆಯನ್ನು ಪ್ರತಿಸಲವೂ ಅದು ಸೊನ್ನೆ ದಾಟುವ ಗಳಿಗೆಯಲ್ಲೇ ಮುಟ್ಟಿದರೆ ಅಲೆಯೇ ಇಲ್ಲವೆಂದು ತೋರುವುದಷ್ಟೆ? ಅಳತೆ ಬಂತು: ಹೂಂ.

ಹಾಗಾದರೆ ಅರ್ಧ ನಿಮಿಷಕ್ಕೊಮ್ಮೆ ಕೇಳಲಿ ಎಂಬುದು ಪೂರ್ವಪಕ್ಷ. ಕೇಳಬಹುದು, ಆದರೆ ಬರುವ ಉತ್ತರ ಒಂದೇ ಬಿಟ್ಟಿನದು. ಅಜ್ಜಿಯ ಕಥೆಗೆ ಮೊಮ್ಮಗು ಹೂಂಗುಟ್ಟುವುದೂ ಒಂದು ಬಿಟ್ಟೇ, ನಿಜ. ಅಲ್ಲಿ ಹೂಂ ನಿಂತರೆ ಮಗು ನಿದ್ದೆ ಹೋಯಿತೆಂದು ಅಜ್ಜಿ ಕಥೆ ನಿಲ್ಲಿಸಿ ಹೊದಿಕೆ ಎಳೆಯುತ್ತಾಳೆ. ಇಲ್ಲಿ ಹೂಂ ನಿಲ್ಲುವುದೇ ಇಲ್ಲ. ಸದಾ ಒಂದೇ ಮಾತು ಹೇಳುವ ಮೂಲದಿಂದ ಬರುವ ಮಾಹಿತಿ ಸೊನ್ನೆ ಎಂದು ಶಾನನ್ 1948ರಲ್ಲೇ ಲೆಕ್ಕ ಕೊಟ್ಟಿದ್ದಾರೆ. ಡೆಲ್ಟಾ-ಸಿಗ್ಮಾ ಪರಿವರ್ತಕ ಒಂದೇ ಬಿಟ್ಟಿನಲ್ಲಿ ಸಂಗೀತವನ್ನೇ ಹಿಡಿಯುತ್ತದಲ್ಲ ಎಂದು ಬಲ್ಲವರು ಕೆಣಕಬಹುದು. ಆ ಪರಿವರ್ತಕ ಹೊರಗೆ ಹೇಳಿದ್ದಕ್ಕೂ ಒಳಗಿರುವುದಕ್ಕೂ ಇರುವ ವ್ಯತ್ಯಾಸವನ್ನು ಕೂಡಿಡುತ್ತಾ ಹೋಗಿ, ಮಿತಿ ದಾಟಿದೊಡನೆ ಬಿಟ್ಟನ್ನು ಬದಲಿಸುತ್ತದೆ. ಶಿಷ್ಯನೂ ಕೂಡಿಡುತ್ತಾನೆ. ಅವನ ಮಿತಿ ದಾಟುವುದು ಪರೀಕ್ಷೆಯ ಹಿಂದಿನ ರಾತ್ರಿ.

ಅರವತ್ತು ಜನರ ತರಗತಿಗಿಂತ ಒಬ್ಬನಿಗೊಬ್ಬ ಗುರು ಮೇಲಲ್ಲವೇ? ಫೀಸಿನ ಲೆಕ್ಕದಲ್ಲಿ ಮೇಲು. ತರಗತಿಯಲ್ಲಿ ಅರವತ್ತು ಅನುಮಾನಗಳು ಅರವತ್ತು ಫೇಸ್‌ಗಳಲ್ಲಿ ತೂಗುತ್ತಿರುತ್ತವೆ. ಗುರುಗಳು ಯಾವ ಗಳಿಗೆಯಲ್ಲಿ ತಿರುಗಿ ನೋಡಿದರೂ ಒಬ್ಬನದು ನೆತ್ತಿಯಲ್ಲಿರುತ್ತದೆ, ಅವನ ಮುಖ ಅದನ್ನು ಮುಚ್ಚಿಡಲಾರದು. ಖಾಸಗಿ ಪಾಠದಲ್ಲಿ ಇರುವುದು ಒಂದೇ ಫೇಸ್, ಅದೂ ಕ್ಯಾಮೆರಾ ಆಫ್ ಆಗಿ ಹೆಸರಿನ ಮೊದಲಕ್ಷರವಾಗಿ ಕೂತಿರುತ್ತದೆ. ರೆಕಾರ್ಡಿಂಗ್ ಇದೆಯಲ್ಲ ಎಂಬ ಆಕ್ಷೇಪಕ್ಕೆ ಹೆಚ್ಚು ಶ್ರಮ ಬೇಡ: ಎರಡರ ವೇಗದಲ್ಲಿ ನೋಡಿದರೆ ಅನುಮಾನದ ಆವರ್ತನ ಎರಡು ಪಟ್ಟಾಗುತ್ತದೆ, ಕೇಳುವವರಿಲ್ಲದ್ದರಿಂದ ಮಾದರಿಯ ದರ ಸೊನ್ನೆಗಿಳಿಯುತ್ತದೆ.

ಉಳಿದದ್ದು ಫಿಲ್ಟರಿನ ಪ್ರಶ್ನೆ. ಏಲಿಯಾಸಿಂಗ್ ತಪ್ಪಿಸುವ ಫಿಲ್ಟರ್ ಮಾದರಿ ತೆಗೆಯುವುದಕ್ಕೆ ಮುಂಚೆಯೇ ಇರಬೇಕು. ಆಮೇಲೆ ಹಾಕಿದರೆ ಊಟ ಮುಗಿದ ಮೇಲೆ ಅಕ್ಕಿಯ ಕಲ್ಲು ಆರಿಸಿದಂತೆ. ಈ ಫಿಲ್ಟರನ್ನು ಶಿಷ್ಯ ತಾನೇ ತೊಟ್ಟು ಬಂದಿರುತ್ತಾನೆ. ‘ಇಷ್ಟು ಸಣ್ಣದನ್ನ ಹೇಗೆ ಕೇಳೋದು’ ಎಂಬ ಸಂಕೋಚ ಚುರುಕಾದ ಅನುಮಾನಗಳನ್ನೆಲ್ಲ ಸೋಸಿಬಿಡುತ್ತದೆ. ಸೋಸಿದ ಮೇಲೂ ಉಳಿದೊಂದು ‘ಅಂ... ಸರ್, ಅದು...’ ಎಂದು ತಡವರಿಸಿದರೆ, ಗದ್ದಲ ಅಡಗಿಸುವ ತಂತ್ರಾಂಶ ಆ ಮೆಲುದನಿಯನ್ನು ಫ್ಯಾನಿನ ಸದ್ದೆಂದು ಬಗೆದು ಅರ್ಧ ನುಂಗುತ್ತದೆ. ‘ನಿನ್ ವಾಯ್ಸ್ ಕಟ್ ಆಗ್ತಿದೆ, ಇನ್ನೊಂದ್ಸಲ ಹೇಳು’ ಎನ್ನುತ್ತಾರೆ ಗುರುಗಳು.

‘ಏನಿಲ್ಲ ಸರ್.’