ಸಂಶಯದ ಲಾಭ

ಸೊರಬ ತಾಲ್ಲೂಕಿನ ಗುಡವಿ ಕೆರೆಗೆ ಬಿಳಿ ಕೆಂಬರಲು, ಬೆಳ್ಳಕ್ಕಿ, ನೀರುಕಾಗೆಗಳು ಬಂದು ಸೇರುವುದು ಮಳೆಗಾಲದಲ್ಲಿ. ಸುತ್ತಲಿನ ಮನೆಗಳಲ್ಲಿ ನೆಟ್ ಕೈಕೊಡುವುದೂ ಆಗಲೇ. ಹಕ್ಕಿಗಳು ಬಂದದ್ದಕ್ಕೆ ಕೆರೆ ತುಂಬಿದ್ದು ಕಾರಣ ಎಂದರೆ ಮಾತು ಮುಗಿಯಿತು. ನೆಟ್ ಹೋದದ್ದಕ್ಕೆ ಮಾತ್ರ ಮಳೆ, ಸಿಡಿಲು, ಕರೆಂಟು, ತಂತಿಯ ಮೇಲೆ ಬಿದ್ದ ಅಡಿಕೆ ಸೋಗೆ, ಕೇಬಲ್ಲಿಗೆ ಜೋತುಬಿದ್ದ ಮಂಗ, ಎಲ್ಲರ ಹೆಸರೂ ಬರುತ್ತದೆ. ಇಷ್ಟು ಆರೋಪಿಗಳಿರುವ ಸೀಮೆಯಲ್ಲಿ ಸೆಕೆಂಡ್ ಹ್ಯಾಂಡ್ ರೌಟರಿನಷ್ಟು ನೆಮ್ಮದಿಯ ಜೀವಿ ಮತ್ತೊಂದಿಲ್ಲ. ತಪ್ಪು ತನ್ನದೇ ಆದರೂ ಪ್ರತಿ ಸಲ ಸಂಶಯದ ಲಾಭ ಪಡೆದು ಬಿಡುಗಡೆಯಾಗುತ್ತದೆ. ಹಾಗಾಗಿ ಹಳೆಯ ರೌಟರ್ ಕೊಳ್ಳುವವರು ಮೊದಲು ಉಳಿದ ಆರೋಪಿಗಳನ್ನೆಲ್ಲ ಹೊರಗೆ ಕಳಿಸಿ, ಅದೊಂದನ್ನೇ ಕೂರಿಸಿಕೊಂಡು ವಿಚಾರಿಸಬೇಕು ಎಂಬುದು ನನ್ನ ವಾದ.

ಮಾರುವವರು ಸಾಮಾನ್ಯವಾಗಿ ಸ್ಪೀಡ್ ಟೆಸ್ಟ್ ಮಾಡಿ ತೋರಿಸುತ್ತಾರೆ. ಆ ಅಂಕೆಯಲ್ಲಿ ರೌಟರಿನ ಪಾಲೆಷ್ಟು, ಹೊರಗಿನ ಲೈನಿನ ಪಾಲೆಷ್ಟು ಎಂದು ಹೇಳುವವರಾರು? ಫೋನಿನಲ್ಲಿ ತುಂಬಿ ನಿಂತ ಸಿಗ್ನಲ್ ಕಡ್ಡಿಗಳೂ ಅಷ್ಟೇ, ನಾವು ರೌಟರಿನ ಪಕ್ಕದಲ್ಲಿ ಕೂತಿದ್ದೇವೆಂಬುದಕ್ಕಷ್ಟೇ ಸಾಕ್ಷಿ. ಹೊರಗಿನ ತಂತಿಯನ್ನು ಕಿತ್ತುಬಿಡಿ. ಕಂಪ್ಯೂಟರನ್ನು ಕೇಬಲ್ಲಿನಿಂದ ರೌಟರಿಗೆ ಸೇರಿಸಿ, 192.168.1.1 ಎಂದೋ 192.168.0.1 ಎಂದೋ ಇರುವ ಅದರ ಸ್ವಂತ ವಿಳಾಸಕ್ಕೆ ಪಿಂಗ್ ಕಳಿಸುತ್ತ ಹೋಗಿ. ಪಿಂಗ್ ಎಂದರೆ 'ಇದ್ದೀಯೇನೋ' ಎಂದು ಕರೆಯುವುದು, ಅದು 'ಓ' ಅನ್ನುವುದು. ಸೆಕೆಂಡಿಗೊಂದರಂತೆ ರಾತ್ರಿ ಹತ್ತರಿಂದ ಬೆಳಿಗ್ಗೆ ಆರರವರೆಗೆ ಕರೆದರೆ 28,800 ಕರೆ. ಮನುಷ್ಯರಾದರೆ ನಾಲ್ಕನೆಯದಕ್ಕೇ ಸಿಡುಕುತ್ತಾರೆ. ಕೇಬಲ್ಲಿನಲ್ಲೇ ಸಾಲುಸಾಲಾಗಿ ಉತ್ತರ ತಪ್ಪಿದರೆ ಮಂಗ ನಿರಪರಾಧಿ. ಆಮೇಲೆ ಇದನ್ನೇ ವೈಫೈನಲ್ಲಿ ಮಾಡಬೇಕು, ಜೊತೆಗೆ ಎರಡು ಯಂತ್ರಗಳ ನಡುವೆ ದೊಡ್ಡ ಫೈಲೊಂದನ್ನು ಸಾಗಿಸುತ್ತಿರಬೇಕು. ಕೆಲಸವಿಲ್ಲದಾಗ ಎಲ್ಲರೂ ನಂಬಿಗಸ್ತರೇ. 5 ಗಿಗಾಹರ್ಟ್ಸ್ ಅಲೆ ದಪ್ಪ ಗೋಡೆ ದಾಟಲು ತಿಣುಕಿದರೆ ಅದು ಭೌತಶಾಸ್ತ್ರ, ರೌಟರನ್ನು ಬೈಯುವುದು ಅನ್ಯಾಯ, 2.4ರಲ್ಲೂ ನೋಡಿ ತೀರ್ಪು ಕೊಡಿ.

ರೌಟರ್ ತಪ್ಪೊಪ್ಪಿಕೊಂಡಿತೆಂದು ಕೂಡಲೇ ಶಿಕ್ಷೆ ಕೊಡುವಂತೆಯೂ ಇಲ್ಲ, ಅಡಾಪ್ಟರ್ ಎಂಬ ಸಹ ಆರೋಪಿ ಇರುತ್ತದೆ. ಪಿನ್ನು ಕೂತಿತೆಂದು 12 ವೋಲ್ಟಿನದಕ್ಕೆ 9 ವೋಲ್ಟಿನದನ್ನು ಜೋಡಿಸಿ ಮಾರುವುದುಂಟು. ವೋಲ್ಟ್ ಕರಾರುವಾಕ್ಕಾಗಿ ಅಷ್ಟೇ ಇರಬೇಕು, ಆಂಪಿಯರ್ ಅಷ್ಟಾದರೂ ಇರಬೇಕು. ಬಡಕಲು ಅಡಾಪ್ಟರಿನಲ್ಲಿ ದೀಪವೆಲ್ಲ ಹೊತ್ತಿ, ಕೆಲಸದ ಹೊರೆ ಬಿದ್ದೊಡನೆ ಯಂತ್ರ ತಾನಾಗಿ ರೀಸ್ಟಾರ್ಟ್ ಆಗುತ್ತದೆ. ಮಲೆನಾಡಿನ ಅಸಲಿ ಪರೀಕ್ಷೆಯೆಂದರೆ ಕರೆಂಟು ತೆಗೆದು ಮತ್ತೆ ಕೊಡುವುದು. ಎಷ್ಟು ಸಲ ತೆಗೆದರೂ ಎದ್ದು, ಹಾಕಿಟ್ಟ ಪಾಸ್‌ವರ್ಡನ್ನು ನೆನಪಿಟ್ಟುಕೊಂಡು ಕೂತರೆ ಮೆಚ್ಚಬಹುದು. ತಂತಿ ಚುಚ್ಚುವ ಪೋರ್ಟುಗಳನ್ನೂ ಒಂದೊಂದಾಗಿ ನೋಡಬೇಕು. ತಾಮ್ರದ ತಂತಿ ಹಿಡಿದು ಬಂದ ಸಿಡಿಲಿನ ಹೊಡೆತಕ್ಕೆ ಒಂದೇ ಪೋರ್ಟ್ ಸತ್ತು ಉಳಿದವು ಏನೂ ಆಗಿಲ್ಲವೆಂಬಂತೆ ಮಿನುಗುತ್ತಿರುತ್ತವೆ.

ಇಷ್ಟೆಲ್ಲ ಪಾಸಾದರೂ ಹಳೆಯದು ಸುರಕ್ಷಿತವೇ ಎಂದು ಕೇಳುವವರಿದ್ದಾರೆ. ಪ್ರಶ್ನೆ ಸರಿಯಾದದ್ದೇ. ಮೊದಲು ಫ್ಯಾಕ್ಟರಿ ರೀಸೆಟ್ ಮಾಡಿ ಹಳೆಯ ಯಜಮಾನರ ನೆನಪುಗಳನ್ನು ಅಳಿಸಬೇಕು. 2004ರಲ್ಲಿ ಬಂದ ಡಬ್ಲ್ಯುಪಿಎ2 ಬೀಗವೂ ಇಲ್ಲದಷ್ಟು ಮುದಿಯಾಗಿದ್ದರೆ, ಕಂಪನಿ ಅಪ್‌ಡೇಟ್ ಕೊಡುವುದನ್ನೇ ಬಿಟ್ಟಿದ್ದರೆ, ಎಂಥ ನಂಬಿಗಸ್ತನಾದರೂ ಬೇಡವೆನ್ನುವುದೇ ಕ್ಷೇಮ. ಇನ್ನು 'ಹೊಸದೇ ಕೊಂಡರೆ ಈ ರಗಳೆಯೇ ಇಲ್ಲವಲ್ಲ, ವಾರಂಟಿ ಇರುತ್ತದೆ' ಎಂಬ ವಾದ. ಹೊಸದಕ್ಕೂ ಅಡಾಪ್ಟರ್ ಇದೆ, ಅದರ ತಲೆಯ ಮೇಲೂ ಕರೆಂಟು ಹೋಗಿಬರುತ್ತದೆ. ವಿಚಾರಣೆ ಅದಕ್ಕೂ ತಪ್ಪಿದ್ದಲ್ಲ. ವಾರಂಟಿಯಂತೂ ಕೆಟ್ಟದ್ದು ರೌಟರೇ ಎಂದು ತೋರಿಸಿಕೊಟ್ಟವರಿಗೆ ಮಾತ್ರ ಸಿಗುವ ಭಾಗ್ಯ, ಅದೂ ಬಿಲ್ಲನ್ನು ಯಾವ ಪುಸ್ತಕದೊಳಗೆ ಇಟ್ಟಿದ್ದೆವೆಂದು ಮನೆಯಲ್ಲಿ ಯಾರಿಗಾದರೂ ನೆನಪಿದ್ದರೆ.