ಭಾವನ ಪಿಚಕಾರಿ

ದೀಪಾವಳಿ ಹತ್ತಿರ ಬಂತೆಂದರೆ ಮಲೆನಾಡಿನ ಹಳೇ ಮನೆಗಳ ಮರ್ಯಾದೆ ಜಗಲಿಗೆ ಬಂದು ನಿಲ್ಲುತ್ತದೆ. ಆಗುಂಬೆಯ ಆಸುಪಾಸಿನಲ್ಲಿ ವರ್ಷಕ್ಕೆ ಸುಮಾರು 7,000 ಮಿ.ಮೀ. ಮಳೆ ಸುರಿಯುತ್ತದೆ, ಮರ ತಾನೆ ಏನು ಮಾಡೀತು? ಕಂಬದ ಬುಡಕ್ಕೆ ಪಾಚಿ, ಬಾಗಿಲಿಗೆ ಬೂಷ್ಟು. ಹೊಸ್ತಿಲಿಗೆ ಮಾತ್ರ ದಿನವೂ ಅರಿಶಿನ ಕುಂಕುಮ ತಪ್ಪಿಲ್ಲ. ಲಕ್ಷ್ಮಿ ತಲೆ ತಗ್ಗಿಸಿಕೊಂಡೇ ಒಳಗೆ ಬರಬೇಕು, ಎತ್ತಿ ನೋಡಿದಳೋ, ವಾಪಸ್ಸು!

ಅಂಥ ಹೊತ್ತಿಗೆ ಬೆಂಗಳೂರಿನಿಂದ ಭಾವ ಇಳಿಯುತ್ತಾರೆ. ಇಂಥ ಒಬ್ಬ ಭಾವ ಇಲ್ಲದ ಮನೆಯಿಲ್ಲ. ಡಿಕ್ಕಿಯಿಂದ ಪ್ರೆಶರ್ ವಾಷರ್ ತೆಗೆದು, ‘ಅತ್ತೆ, ನೀವು ಕಾಫಿ ಮಾಡಿ, ಅಷ್ಟರಲ್ಲಿ ಜಗಲಿ ಫಳಫಳ’ ಅನ್ನುತ್ತಾರೆ. ಪಾಚಿ ಹೋಗುವುದೇನೋ ಹೌದು, ಜೊತೆಗೆ ಮರದ ಮೆತ್ತನೆ ನಾರೂ ಎದ್ದು ಬರುತ್ತದೆ. ಒಣಗಿದ ಮೇಲೆ ಸವರಿದರೆ ಅಂಗೈಗೆ ಸಿಬಿರು. ‘ಭಾವ, ಅಜ್ಜನ ಕಾಲದ ಹಲಸಿನ ಕಂಬಕ್ಕೆ ಗಡ್ಡ ಬರಿಸಿಬಿಟ್ರಲ್ಲ!’ ಎಂದರೆ, ‘ನಿಮ್ಮೂರ ಕರೆಂಟೇ ಸರಿ ಇಲ್ಲ’ ಎಂಬ ಉತ್ತರ.

ಅತ್ತೆಯದು ಬಡ ಸರಂಜಾಮು. ಬಕೆಟ್ ನೀರಿಗೆ ಚಿಟಿಕೆ ಸೋಪಿನ ಪುಡಿ, ತೆಂಗಿನ ನಾರು, ಹಳೇ ಪಂಚೆಯ ತುಂಡು. ಎಳೆ ಹೋದ ದಿಕ್ಕಿಗೇ ಉಜ್ಜುವುದು, ಕೂಡಲೇ ಒರೆಸುವುದು. ಬಚ್ಚಲಿಗೆ ತಂದ ಬ್ಲೀಚಿಂಗ್ ಪೌಡರನ್ನು ಸಾಗುವಾನಿ ಬಾಗಿಲಿಗೂ ಬಳಿಯುವ ಶೂರರಿದ್ದಾರೆ. ಬೂಷ್ಟು ಸಾಯುತ್ತದೆ, ಬಾಗಿಲೂ ಬಿಳಿಚಿಕೊಳ್ಳುತ್ತದೆ.

ಮೊಳೆ ಸುತ್ತಲಿನ ಕಪ್ಪು ಕಲೆಯ ವಿಷಯ ಬೇರೆ. ಅದು ಕೊಳೆಯೇ ಅಲ್ಲ. ಮರದ ಒಗರು ಒದ್ದೆಯಲ್ಲಿ ಕಬ್ಬಿಣದ ಜೊತೆ ಕೂಡಿ ಮಸಿಯಾಗಿರುತ್ತದೆ. ಹಿಂದಿನವರು ಅಳಲೆಕಾಯಿ, ಕಬ್ಬಿಣ ಸೇರಿಸಿ ಬರೆಯುವ ಮಸಿ ಮಾಡುತ್ತಿದ್ದುದೂ ಹೀಗೇ. ಸೋಪಿಗೆ ಅದು ಜಗ್ಗುವುದಿಲ್ಲ. ಆಕ್ಸಾಲಿಕ್ ಆಮ್ಲವನ್ನು ನೀರಿನಲ್ಲಿ ತೆಳ್ಳಗೆ ಕರಗಿಸಿ, ಗ್ಲೌಸು ಹಾಕಿ ಹಚ್ಚಿ, ಆಮೇಲೆ ಚೆನ್ನಾಗಿ ತೊಳೆಯಬೇಕು. ಭಾವ ಮಾತ್ರ ಅದನ್ನು ಉಗುರಿನಲ್ಲಿ ಕೆರೆದು ನೋಡುತ್ತಾರೆ.

ತೊಳೆದ ಸಂಜೆಯೇ ವಾರ್ನಿಷ್ ಡಬ್ಬಿ ಮುಚ್ಚಳ ತೆಗೆಯುವುದೂ ಅವರೇ. ತೇವ ಒಳಗೇ ಉಳಿದರೆ ಮುಂದಿನ ಮಳೆಗೆ ಹೊಪ್ಪಳೆ ಏಳುತ್ತದೆ ಎಂದು ಯಾರು ಹೇಳಬೇಕು, ಮನೆ ಅಳಿಯನಿಗೆ? ಕರಾವಳಿಯ ನೆಂಟರು ಗೇರೆಣ್ಣೆ ಬಳಿಯಿರಿ, ಗೆದ್ದಲು ಸುಳಿಯುವುದಿಲ್ಲ ಅನ್ನುತ್ತಾರೆ. ಸರಿಯೇ, ಆದರೆ ಬರಿಗೈಯಲ್ಲಿ ಮುಟ್ಟಿದವರ ಚರ್ಮ ಸುಲಿಯುತ್ತದೆ. ಅಗಸೆ ಎಣ್ಣೆ ಸಾಧು, ಅದನ್ನು ಒರೆಸಿದ ಬಟ್ಟೆ ಮಾತ್ರ ಕಿಲಾಡಿ: ಮುದ್ದೆ ಮಾಡಿ ಮೂಲೆಗೆ ಎಸೆದರೆ ತಾನೇ ಬಿಸಿಯೇರಿ ಹೊತ್ತಿಕೊಂಡೀತು. ಹರಡಿ ಒಣಹಾಕಬೇಕು.

ಸದ್ಯಕ್ಕೆ ಭಾವ ಮರಳು ಕಾಗದ ಹಿಡಿದು ಕಂಬದ ಗಡ್ಡ ಬೋಳಿಸುತ್ತಿದ್ದಾರೆ. ‘ನಿಧಾನಕ್ಕೆ ಮಾಡಿ ಅಳಿಯಂದಿರೇ, ಇನ್ನೂ ಐದು ಕಂಬ ಇದೆ’ ಎಂದು ಅತ್ತೆ ಕಾಫಿ ಇಟ್ಟು ಹೋದರು.